ಸಪ್ಪೆ ಪಂದ್ಯ ಬಾಕ್ಸರನ ವರ್ಚಸ್ಸನ್ನು ಕುಗ್ಗಿಸಿತೇ? ಪರಿಶೀಲಿಸುವ ಕ್ರಮ

2025ರ ಮೇ 2ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ರಿಂಗ್ ಕಟ್ಟಿ ನಡೆಸಿದ ಪಂದ್ಯಗಳಲ್ಲಿ ರಾಯನ್ ಗಾರ್ಸಿಯಾ ಮತ್ತು ರೋಲಾಂಡೊ ರೊಮೆರೊ ಇಬ್ಬರೂ ಸೇರಿ ಹನ್ನೆರಡು ಸುತ್ತುಗಳಲ್ಲಿ ಬೀಸಿದ ಪಂಚ್‌ಗಳು 490. ಡೆವಿನ್ ಹೇನಿ ಮತ್ತು ಹೋಸೆ ರಾಮಿರೆಜ್ ಸೇರಿ ಬೀಸಿದ್ದು 503. ಅದೇ ವಾರಾಂತ್ಯದಲ್ಲಿ ರಿಯಾದ್‌ನಲ್ಲಿ ಮೆಕ್ಸಿಕೊದ ಸೌಲ್ ಅಲ್ವಾರೆಜ್, ಅಂದರೆ ಎಲ್ಲರೂ ಕನೆಲೊ ಎಂದೇ ಕರೆಯುವ ತಾರೆ, ಮತ್ತು ವಿಲಿಯಂ ಸ್ಕಲ್ ಸೇರಿ ಬೀಸಿದ್ದು ಬರೀ 445. ಪಂಚ್‌ಗಳ ಲೆಕ್ಕವಿಡುವ ಕಂಪ್ಯೂಬಾಕ್ಸ್‌ನ ದಾಖಲೆಯಲ್ಲಿ, ಹನ್ನೆರಡು ಸುತ್ತೂ ನಡೆದ ಪಂದ್ಯವೊಂದಕ್ಕೆ ಇಷ್ಟು ಕಡಿಮೆ ಸಂಖ್ಯೆ ಅದಕ್ಕೂ ಮೊದಲು ಬಂದಿರಲಿಲ್ಲ. ಭಾಗಿಸಿ ನೋಡಿದರೆ ಒಬ್ಬೊಬ್ಬರಿಗೆ ಮೂರು ನಿಮಿಷದ ಒಂದು ಸುತ್ತಿಗೆ ಹದಿನೆಂಟೋ ಹತ್ತೊಂಬತ್ತೋ ಪಂಚ್, ಅಂದರೆ ಹೆಚ್ಚುಕಡಿಮೆ ಹತ್ತು ಸೆಕೆಂಡಿಗೆ ಒಂದು.

ಇಂಥ ಪಂದ್ಯಗಳು ನೋಡುಗರನ್ನು ಓಡಿಸುತ್ತವೆ, ತಾರೆಗಳ ಬೆಲೆಯನ್ನು ಇಳಿಸುತ್ತವೆ ಎಂಬ ಮಾತು ಆ ವಾರಾಂತ್ಯದ ನಂತರ ಎಲ್ಲೆಡೆ ಕೇಳಿಬಂತು. ಸೌದಿ ಅರೇಬಿಯಾದ ಪರವಾಗಿ ಈ ಪಂದ್ಯಗಳ ಬೆನ್ನಿಗೆ ನಿಂತಿದ್ದ ತುರ್ಕಿ ಅಲ್‌ಶೇಖ್ ಅವರೇ, ಒಬ್ಬ ಓಡುತ್ತ ಇನ್ನೊಬ್ಬ ಅಟ್ಟಿಸಿಕೊಂಡು ಹೋಗುವ ಪಂದ್ಯಗಳು ತಮಗೆ ಇನ್ನು ಬೇಡವೆಂದು ಹೇಳಿದರು. ಈ ಆತಂಕದಲ್ಲಿ ಹುರುಳಿದೆ, ಆದರೆ ಅದನ್ನು ಎಲ್ಲ ಬಾಕ್ಸರುಗಳಿಗೂ ಒಂದೇ ಸಮನಾಗಿ ಅನ್ವಯಿಸಲಾಗದು. ಒಂದು ಸಪ್ಪೆ ಪಂದ್ಯದಿಂದ ದೊಡ್ಡ ತಾರೆಗೆ ಆಗುವ ನಷ್ಟ ಸಾಮಾನ್ಯವಾಗಿ ಚಿಕ್ಕದು. ಕೌಶಲವೊಂದನ್ನೇ ನಂಬಿ ಮೇಲೇರುತ್ತಿರುವವನಿಗೆ ಅದೇ ಪಂದ್ಯ ಮಾರಕವಾಗಬಲ್ಲದು. ಯಾವ ಪಂದ್ಯ ಯಾರಿಗೆ ಎಷ್ಟು ಪೆಟ್ಟು ಕೊಟ್ಟಿತೆಂದು ಸ್ವತಃ ತೂಗಿ ನೋಡಬಯಸುವ ಅಭಿಮಾನಿಗಳಿಗಾಗಿ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಪಂದ್ಯವನ್ನು ಪೂರ್ತಿಯಾಗಿ, ಸದ್ದಿಲ್ಲದೆ ನೋಡಿ

ಅಮೆರಿಕದ ಶನಿವಾರ ರಾತ್ರಿಯ ಪಂದ್ಯಗಳು ನಮಗೆ ಭಾನುವಾರ ಬೆಳಗ್ಗೆ ಬರುತ್ತವೆ. ಆ ಹೊತ್ತಿಗೆ ಏಳಲಾಗದೆ ಸಂಜೆ ಐದು ನಿಮಿಷದ ತುಣುಕು ನೋಡಿ ಅಭಿಪ್ರಾಯ ಕಟ್ಟಿಕೊಳ್ಳುವವರೇ ಹೆಚ್ಚು. ತುಣುಕುಗಳಲ್ಲಿ ಯಾವ ಪಂದ್ಯವೂ ಸಪ್ಪೆಯಾಗಿ ಕಾಣುವುದಿಲ್ಲ. ಸಾಮಾಜಿಕ ಜಾಲತಾಣದ ಸಿಟ್ಟಿನಲ್ಲಿ ಯಾವ ಪಂದ್ಯವೂ ಚೆನ್ನಾಗಿ ಕಾಣುವುದಿಲ್ಲ. ಆದ್ದರಿಂದ ಪಂದ್ಯವನ್ನು ಮೊದಲ ಸುತ್ತಿನಿಂದ ಕೊನೆಯವರೆಗೆ, ವೀಕ್ಷಕ ವಿವರಣೆಯ ಸದ್ದನ್ನು ಅಡಗಿಸಿ ಒಮ್ಮೆ ನೋಡಬೇಕು. ವಿವರಣೆಕಾರರ ಬೇಸರ ಎಷ್ಟು ಬೇಗ ನಮ್ಮ ಬೇಸರವಾಗಿಬಿಡುತ್ತದೆ ಎಂಬುದು ಸದ್ದು ನಿಂತಾಗಲೇ ತಿಳಿಯುತ್ತದೆ.

ಪ್ರತಿ ಸುತ್ತಿಗೆ ಮೂರು ಸಂಗತಿಗಳನ್ನು ಗುರುತು ಹಾಕಿಕೊಂಡರೆ ಸಾಕು: ಎದುರಾಳಿಯ ತಲೆಯನ್ನೋ ಕಾಲನ್ನೋ ಕದಲಿಸಿದ ಪಂಚ್‌ಗಳು ಎಷ್ಟು, ಅಪ್ಪಿ ಹಿಡಿಯುವ ಕ್ಲಿಂಚ್ ಎಷ್ಟು ಸಲ ಆಯಿತು ಮತ್ತು ಯಾರು ಹಿಡಿದರು, ಹಿಂದೆ ಸರಿಯುತ್ತಿದ್ದವನು ಸರಿದ ಮೇಲೆ ಮರಳಿ ಹೊಡೆದನೇ ಇಲ್ಲವೇ. ಮೂರನೆಯದು ಬಹಳ ಮುಖ್ಯ. ಹಿಂದೆ ಸರಿದು ಹೊಡೆಯುವುದು ಕಲೆ. ಹಿಂದೆ ಸರಿದು ಮತ್ತೂ ಸರಿಯುತ್ತಲೇ ಇರುವುದು ಪಂದ್ಯವನ್ನು ನಿರಾಕರಿಸುವುದು.

ಈ ವ್ಯತ್ಯಾಸ ಸ್ಪಷ್ಟವಾಗಲು ಎರಡು ಪಂದ್ಯಗಳನ್ನು ಒಟ್ಟಿಗೆ ಇಟ್ಟು ನೋಡಬಹುದು. 2008ರ ಫೆಬ್ರವರಿ 23ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಉಕ್ರೇನಿನ ಹೆವಿವೇಟ್ ಚಾಂಪಿಯನ್ ವ್ಲಾದಿಮಿರ್ ಕ್ಲಿಚ್ಕೊ ಮತ್ತು ಸುಲ್ತಾನ್ ಇಬ್ರಾಗಿಮೊವ್ ಎದುರಾದರು. ಇಬ್ರಾಗಿಮೊವ್ ಎಡಗೈ ಬಾಕ್ಸರ್, ಆದ್ದರಿಂದ ಅವನ ಬಲಗೈ ಮುಂದಿರುತ್ತದೆ. ಅವನಿಗಿಂತ ಬಹಳ ಎತ್ತರವಿದ್ದ ಕ್ಲಿಚ್ಕೊ ತನ್ನ ಉದ್ದನೆಯ ಎಡಗೈಯಿಂದ ಜಾಬ್ (ಮುಂದಿನ ಕೈಯ ಚುರುಕು ನೇರ ಹೊಡೆತ) ಹೊಡೆಯುವ ಬದಲು, ಎದುರಾಳಿಯ ಆ ಬಲ ಗ್ಲೌಸನ್ನು ಮೇಲಿನಿಂದ ತಟ್ಟಿ ತಟ್ಟಿ ಕೆಳಗಿಳಿಸುತ್ತಲೇ ಸುತ್ತುಗಳನ್ನು ಕಳೆದ. ಬಲಗೈಯ ಭಾರಿ ಹೊಡೆತಕ್ಕೆ ದಾರಿ ತೆರೆದಂತೆ ಕಂಡಾಗಲೂ ಹೊಡೆತ ಬರಲಿಲ್ಲ. ಅಂಕಗಳಲ್ಲಿ ಅವನೇ ಗೆದ್ದ. ಸಭಾಂಗಣ ಬೂ ಎಂದಿತು. ಆ ಪಂದ್ಯವನ್ನು ಸಪ್ಪೆ ಎನ್ನಲು ನನಗೆ ಅನುಮಾನವಿಲ್ಲ, ಏಕೆಂದರೆ ಗೆಲ್ಲುವವನ ಕೈಯಲ್ಲೇ ಪಂದ್ಯವನ್ನು ಮುಗಿಸುವ ಸಾಮರ್ಥ್ಯವಿತ್ತು.

ಇನ್ನೊಂದು 2013ರ ಏಪ್ರಿಲ್ 13ರದು. ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಕ್ಯೂಬಾದ ಗಿಯೆರ್ಮೊ ರಿಗೊಂಡೊ, ಆಗ ಎಲ್ಲರ ಬಾಯಲ್ಲಿದ್ದ ಫಿಲಿಪೀನ್ಸ್ ಮೂಲದ ನೊನಿಟೊ ಡೊನೇರ್‌ನನ್ನು ಸೋಲಿಸಿದ. ಡೊನೇರ್‌ನ ಎಡ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಹೊಡೆತ, ಆ ತೂಕದ ವಿಭಾಗದಲ್ಲಿ ಎಲ್ಲರೂ ಅಂಜುತ್ತಿದ್ದ ಅಸ್ತ್ರ. ರಿಗೊಂಡೊ ಅದರ ಅಳತೆಯಿಂದ ಒಂದಂಗುಲ ಆಚೆ ನಿಂತು, ಡೊನೇರ್ ಕಾಲೂರುವ ಮೊದಲೇ ಎಡಗೈ ನೇರ ಹೊಡೆತ ತಾಗಿಸಿ, ಮರುಕ್ಷಣ ಬೇರೆ ಕಡೆ ಇರುತ್ತಿದ್ದ. ಹತ್ತನೆಯ ಸುತ್ತಿನಲ್ಲಿ ರಿಗೊಂಡೊ ಒಮ್ಮೆ ನೆಲಕ್ಕೆ ಬಿದ್ದ. ಆದರೆ ಹನ್ನೆರಡನೆಯ ಸುತ್ತಿನಲ್ಲಿ ಕಣ್ಣು ಊದಿ, ಗ್ಲೌಸನ್ನು ಮುಖಕ್ಕೆ ಒತ್ತಿಕೊಂಡು ಹಿಂದೆ ಸರಿಯುತ್ತಿದ್ದವನು ಡೊನೇರ್. ಜನ ಇಲ್ಲಿಯೂ ಬೂ ಎಂದರು. ಮೇಲೆ ಹೇಳಿದ ಮೂರು ಗುರುತುಗಳನ್ನು ಹಾಕಿಕೊಂಡು ನೋಡಿದವರಿಗೆ ಇದು ಸಪ್ಪೆ ಪಂದ್ಯವಲ್ಲವೆಂದು ಗೊತ್ತಾಗುತ್ತದೆ; ಇದು ಕಣ್ಣು ಪಳಗಬೇಕಾದ ಪಂದ್ಯ. ಆದರೂ ಇದರ ಬೆಲೆಯನ್ನು ತೆತ್ತವನು ರಿಗೊಂಡೊನೇ, ಅದಕ್ಕೆ ಮುಂದೆ ಬರುತ್ತೇನೆ.

ಬರಿಯ ಸಂಖ್ಯೆಯಿಂದ ಮಾತ್ರ ತೀರ್ಮಾನಿಸಬೇಡಿ. 2015ರ ಮೇ 2ರ ಅಮೆರಿಕದ ಫ್ಲಾಯ್ಡ್ ಮೇವೆದರ್ ಮತ್ತು ಫಿಲಿಪೀನ್ಸಿನ ಮ್ಯಾನಿ ಪಕಿಯಾವ್ ನಡುವಿನ ಪಂದ್ಯದಲ್ಲಿ ಇಬ್ಬರೂ ಸೇರಿ ಬೀಸಿದ ಪಂಚ್‌ಗಳು 864. ಕನೆಲೊ–ಸ್ಕಲ್ ಪಂದ್ಯದ ಸುಮಾರು ಎರಡರಷ್ಟು. ಆದರೂ ಅದು ಈ ಶತಮಾನದ ಅತ್ಯಂತ ದೊಡ್ಡ ನಿರಾಸೆಯೆಂದು ಹೆಸರಾಯಿತು. ಬೇಸರವೆಂಬುದು ರಿಂಗಿನಲ್ಲಿ ನಡೆದದ್ದಕ್ಕೂ ನೋಡುಗ ನಿರೀಕ್ಷಿಸಿದ್ದಕ್ಕೂ ನಡುವಿನ ಅಂತರ. ಆದ್ದರಿಂದ ಎರಡನೆಯದನ್ನೂ ಅಳೆಯಬೇಕಾಗುತ್ತದೆ.

ಮಾರಾಟದ ಮಾತು ಮತ್ತು ಬೆಲೆ

ಮೇವೆದರ್ ಮತ್ತು ಪಕಿಯಾವ್ ಎದುರಾಗಬೇಕೆಂದು ಜನ ಐದಾರು ವರ್ಷ ಕಾದಿದ್ದರು. ಅಮೆರಿಕದಲ್ಲಿ ಮನೆಯಲ್ಲಿ ಕುಳಿತು ನೋಡಲು ಸುಮಾರು 100 ಡಾಲರ್ ಕೊಡಬೇಕಿತ್ತು, ಮತ್ತು ಹೀಗೆ ಆ ಪಂದ್ಯಕ್ಕೆಂದೇ ಹಣ ತೆತ್ತು ನೋಡುವ ಪೇ-ಪರ್-ವ್ಯೂ 46 ಲಕ್ಷ ಮಾರಾಟವಾಯಿತು. ಪಂದ್ಯದ ನಂತರ ಪಕಿಯಾವ್ ತನ್ನ ಬಲ ಭುಜಕ್ಕೆ ಮೊದಲೇ ಪೆಟ್ಟಾಗಿತ್ತೆಂದು ಹೇಳಿದಾಗ, ಮೋಸ ಹೋದೆವೆಂದು ನೋಡುಗರು ನ್ಯಾಯಾಲಯಕ್ಕೆ ಹೋದರು. ನಿರಾಸೆಗೊಂಡ ಅಭಿಮಾನಿಗಳಿಗೆ ಕಾನೂನಿನಲ್ಲಿ ಪರಿಹಾರವಿಲ್ಲವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಹೇಳಿತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಆದರೆ ಅಭಿಮಾನಿಯ ಮನಸ್ಸಿನಲ್ಲಿ ಆ ಲೆಕ್ಕ ಬೇರೆ, ಮತ್ತು ಅವನು ಅದನ್ನು ಮರೆಯುವುದಿಲ್ಲ.

ಹಾಗಾಗಿ ಯಾವುದೇ ಪಂದ್ಯವನ್ನು ತೂಗುವಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಪಂದ್ಯವನ್ನು ಏರ್ಪಡಿಸುವ ಪ್ರಮೋಟರ್ ಅದನ್ನು ಏನೆಂದು ಹೇಳಿ ಮಾರಿದ: ಯುದ್ಧವೆಂದೇ, ಅಥವಾ ಕೌಶಲದ ಪರೀಕ್ಷೆಯೆಂದೇ? ನೋಡುಗ ಪ್ರತ್ಯೇಕವಾಗಿ ಹಣ ತೆತ್ತನೇ, ಅಥವಾ ಉಚಿತ ವಾಹಿನಿಯಲ್ಲಿ ನೋಡಿದನೇ? ಕ್ಲಿಚ್ಕೊನ ಕಥೆ ಇಲ್ಲಿ ಬಹಳ ಕಲಿಸುತ್ತದೆ. ಇಬ್ರಾಗಿಮೊವ್ ಪಂದ್ಯದ ನಂತರ ಅವನು ಅಮೆರಿಕದಲ್ಲಿ ಮತ್ತೆ ರಿಂಗಿಗಿಳಿದದ್ದು 2015ರ ಏಪ್ರಿಲ್‌ನಲ್ಲಿ, ಏಳು ವರ್ಷಗಳ ಬಳಿಕ. ಅಮೆರಿಕದ ನೋಡುಗರ ಮಟ್ಟಿಗೆ ಅವನ ವರ್ಚಸ್ಸು ಮಂಕಾಯಿತೆಂಬುದು ನಿಜ. ಆದರೆ ಅದೇ ಅವಧಿಯಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಷೆನ್‌ನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ರುಸ್ಲಾನ್ ಚಗಾಯೆವ್ ಎದುರಿನ ಅವನ ಪಂದ್ಯಕ್ಕೆ ಸುಮಾರು 61,000 ಜನ ಸೇರಿದರು, ಮತ್ತು 2011ರ ಜುಲೈನಲ್ಲಿ ಹ್ಯಾಂಬರ್ಗ್‌ನಲ್ಲಿ ಡೇವಿಡ್ ಹೇ ಎದುರಿನ ಪಂದ್ಯವನ್ನು, ಅದು ಕೂಡ ರೋಚಕವೇನಾಗಿರಲಿಲ್ಲ, ಆರ್‌ಟಿಎಲ್ ವಾಹಿನಿಯಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಮಂದಿ ನೋಡಿದರು. ಅದೇ ಜಾಬ್, ಅದೇ ಕ್ಲಿಂಚ್, ಅದೇ ಎಚ್ಚರಿಕೆ. ಜರ್ಮನಿಯಲ್ಲಿ ಅವನು ಮನೆಮಗನಂತಿದ್ದ, ಅಲ್ಲಿನ ಭಾಷೆಯನ್ನಾಡುತ್ತಿದ್ದ, ಪಂದ್ಯ ಉಚಿತವಾಗಿ ಮನೆಗೆ ಬರುತ್ತಿತ್ತು. ಆದ್ದರಿಂದ ‘ಸಪ್ಪೆ ಪಂದ್ಯ ವರ್ಚಸ್ಸನ್ನು ಕುಗ್ಗಿಸಿತು’ ಎಂದು ಬರೆಯುವಾಗ, ಎಲ್ಲಿ ಮತ್ತು ಯಾರ ಕಣ್ಣಿನಲ್ಲಿ ಎಂಬುದನ್ನು ಸೇರಿಸದಿದ್ದರೆ ಆ ವಾಕ್ಯ ಪೂರ್ಣವಾಗುವುದಿಲ್ಲ.

ಕಾರಣವನ್ನು ಗುರುತಿಸಿ

ಒಬ್ಬನೇ ಪಂದ್ಯವನ್ನು ಸಪ್ಪೆ ಮಾಡುವುದು ಅಪರೂಪ. ಇಬ್ಬರೂ ಪ್ರತಿದಾಳಿಗಾಗಿ ಕಾಯುವವರಾದರೆ ಯಾರೂ ಮೊದಲು ಹೊಡೆಯುವುದಿಲ್ಲ. ರೆಫರಿ ಕ್ಲಿಂಚ್‌ಗೆ ಅಂಕ ಕಡಿತದ ಎಚ್ಚರಿಕೆ ಕೊಡದಿದ್ದರೆ ಹಿಡಿಯುವವನಿಗೆ ಅದೇ ಲಾಭ. ಗಾಯವಿದ್ದರೆ ಹೊಡೆತಗಳೇ ಬರುವುದಿಲ್ಲ.

ಇದಕ್ಕೆ ಅಮೆರಿಕದ ಬಾಕ್ಸರ್ ಶಕೂರ್ ಸ್ಟೀವನ್‌ಸನ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. 2023ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಎಡ್ವಿನ್ ಡೆ ಲೊಸ್ ಸ್ಯಾಂಟೊಸ್ ಎದುರು ಅವನು ವಿಶ್ವ ಪ್ರಶಸ್ತಿಯನ್ನು ಗೆದ್ದನಾದರೂ, ಇಬ್ಬರೂ ಸೇರಿ ಹನ್ನೆರಡು ಸುತ್ತುಗಳಲ್ಲಿ ತಾಗಿಸಿದ ಪಂಚ್‌ಗಳು ಕೇವಲ 105. ಕೈಗೆ ಪೆಟ್ಟಾಗಿತ್ತೆಂದು ಅವನು ಆಮೇಲೆ ಹೇಳಿದ. 2024ರ ಜುಲೈನಲ್ಲಿ ತನ್ನ ಹುಟ್ಟೂರಾದ ನ್ಯೂವಾರ್ಕ್‌ನಲ್ಲಿ ಹೋರಾಡಿದಾಗ ಊರಿನವರೇ ಪಂದ್ಯ ಮುಗಿಯುವ ಮೊದಲು ಎದ್ದು ಹೊರಟರು. ಅಷ್ಟರಲ್ಲಿ ‘ನೋಡಲಾಗದ ಬಾಕ್ಸರ್’ ಎಂಬ ಹಣೆಪಟ್ಟಿ ಅವನಿಗೆ ಅಂಟಿಯಾಗಿತ್ತು. 2025ರ ಜುಲೈ 12ರಂದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಎಡೆಬಿಡದೆ ಹೊಡೆಯುತ್ತ ಮುನ್ನುಗ್ಗುವ ವಿಲಿಯಂ ಜೆಪೆಡಾ ಎದುರು ಸಿಕ್ಕಾಗ ಸ್ಟೀವನ್‌ಸನ್ ಓಡಲಿಲ್ಲ. ಹಗ್ಗಕ್ಕೆ ಬೆನ್ನು ಕೊಟ್ಟು, ಭುಜ ತಿರುಗಿಸಿ ಹೊಡೆತಗಳನ್ನು ಜಾರಿಸಿ, ಅಷ್ಟೇ ಹತ್ತಿರದಿಂದ ತಿರುಗಿ ಹೊಡೆದ. ಮೂವರು ತೀರ್ಪುಗಾರರೂ ಭಾರಿ ಅಂತರದಿಂದ ಅವನಿಗೇ ಗೆಲುವು ಕೊಟ್ಟರು. ಒಂದೇ ರಾತ್ರಿಯಲ್ಲಿ ಅವನ ಬಗ್ಗೆ ಜನ ಆಡುವ ಮಾತು ಬದಲಾಯಿತು. ಒಬ್ಬ ಬಾಕ್ಸರನನ್ನು ಸಪ್ಪೆಯೆಂದು ತೀರ್ಮಾನಿಸುವ ಮುನ್ನ, ಕನಿಷ್ಠ ಒಂದು ಸಲವಾದರೂ ಮುನ್ನುಗ್ಗುವ ಎದುರಾಳಿಯ ಜೊತೆ ಅವನನ್ನು ನೋಡಿರಬೇಕು ಎಂಬ ನಿಯಮವನ್ನು ನಾನು ಇದರಿಂದಲೇ ಇಟ್ಟುಕೊಂಡಿದ್ದೇನೆ.

ಮುಂದಿನ ಪಂದ್ಯದವರೆಗೆ ಕಾಯಿರಿ

ಈ ಕ್ರಮದಲ್ಲಿ ನಾನು ಅತಿ ಹೆಚ್ಚು ಒತ್ತು ಕೊಡುವ ಹೆಜ್ಜೆ ಇದು. ಒಂದು ರಾತ್ರಿಯ ಟಿಕೆಟ್ ಮತ್ತು ವೀಕ್ಷಕರ ಸಂಖ್ಯೆ ಆ ರಾತ್ರಿಯ ಪಂದ್ಯ ಗಳಿಸಿದ್ದಲ್ಲ. ಅದರ ಹಿಂದಿನ ಪಂದ್ಯಗಳು ಗಳಿಸಿಕೊಟ್ಟದ್ದು. ಜನ ಹಣ ಕೊಡುವಾಗ ಪಂದ್ಯ ಇನ್ನೂ ನಡೆದಿರುವುದಿಲ್ಲ. ಆದ್ದರಿಂದ ಸಪ್ಪೆ ಪಂದ್ಯದ ಪರಿಣಾಮವನ್ನು ಅದರ ಮುಂದಿನ ಪಂದ್ಯದಲ್ಲಿ, ಸಾಧ್ಯವಾದರೆ ಅದರಾಚೆಯ ಪಂದ್ಯದಲ್ಲೂ ಹುಡುಕಬೇಕು.

ಮೇವೆದರ್‌ನ ಸಾಲನ್ನೇ ಹಿಡಿದು ನೋಡಿ. 2006ರ ನವೆಂಬರ್‌ನಲ್ಲಿ ಕಾರ್ಲೊಸ್ ಬಾಲ್ದೊಮಿರ್ ಎದುರು ಅವನು ಎಷ್ಟು ಎಚ್ಚರದಿಂದ ಆಡಿದನೆಂದರೆ ಜನ ಕೊನೆಯ ಗಂಟೆಗೆ ಮೊದಲೇ ಎದ್ದು ಹೋದರು. ಆರು ತಿಂಗಳ ನಂತರ ಆಸ್ಕರ್ ಡೆ ಲಾ ಹೋಯಾ ಎದುರಿನ ಅವನ ಪಂದ್ಯ 24 ಲಕ್ಷಕ್ಕೂ ಹೆಚ್ಚು ಪೇ-ಪರ್-ವ್ಯೂ ಮಾರಾಟ ಕಂಡು ಆವರೆಗಿನ ದಾಖಲೆಯನ್ನು ಮುರಿಯಿತು. ಪಕಿಯಾವ್ ಪಂದ್ಯದ ನಿರಾಸೆಯ ನಂತರ, 2015ರ ಸೆಪ್ಟೆಂಬರ್‌ನಲ್ಲಿ ಆಂದ್ರೆ ಬರ್ಟೊ ಎದುರಿನ ಪಂದ್ಯಕ್ಕೆ ವರದಿಯಾದ ಮಾರಾಟದ ಅಂದಾಜು 4ರಿಂದ 5.5 ಲಕ್ಷದ ನಡುವೆ ಇತ್ತು. ಇಲ್ಲಿ ಪೆಟ್ಟು ಕಾಣುತ್ತದೆ. ಆದರೆ 2017ರ ಆಗಸ್ಟ್‌ನಲ್ಲಿ ಮಿಶ್ರ ಸಮರಕಲೆಯ (ಎಂಎಂಎ) ತಾರೆ ಕಾನರ್ ಮೆಕ್‌ಗ್ರೆಗರ್ ಎದುರು ಬಂದಾಗ ಮಾರಾಟ 43 ಲಕ್ಷ. ಡೆ ಲಾ ಹೋಯಾ ಮತ್ತು ಮೆಕ್‌ಗ್ರೆಗರ್ ತಮ್ಮ ಸ್ವಂತ ಅಭಿಮಾನಿಗಳನ್ನು ಕರೆತಂದರು, ಬರ್ಟೊನಿಗೆ ಅಂಥ ಬಲವಿರಲಿಲ್ಲ ಎಂಬುದನ್ನು ಲೆಕ್ಕದಲ್ಲಿ ಹಿಡಿಯಲೇಬೇಕು. ಎದುರಾಳಿ ದುರ್ಬಲನಾಗಿರುವಾಗ ಕಾಣಿಸುವ ಇಳಿಕೆಯೇ ತಾರೆಯ ಸ್ವಂತ ವರ್ಚಸ್ಸಿನ ಸರಿಯಾದ ಅಳತೆ. ಎದುರಾಳಿ ದೊಡ್ಡವನಾದಾಗ ಆ ಇಳಿಕೆ ಮರೆಯಾಗಿಬಿಡುತ್ತದೆ.

ಕನೆಲೊನದೂ ಇದೇ ಬಗೆ. ಸ್ಕಲ್ ಎದುರಿನ 445 ಪಂಚ್‌ಗಳ ಪಂದ್ಯದ ಬಳಿಕ ಅವನು 2025ರ ಸೆಪ್ಟೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಟೆರೆನ್ಸ್ ಕ್ರಾಫರ್ಡ್‌ನನ್ನು ಎದುರಿಸಿದಾಗ ಕ್ರೀಡಾಂಗಣಕ್ಕೆ 70,000ಕ್ಕೂ ಹೆಚ್ಚು ಜನ ಬಂದರು, ಮತ್ತು ನೆಟ್‌ಫ್ಲಿಕ್ಸ್ ತನ್ನ ಲೆಕ್ಕದಲ್ಲಿ 4 ಕೋಟಿಗೂ ಮಿಕ್ಕಿ ವೀಕ್ಷಕರನ್ನು ತೋರಿಸಿತು. ಆದರೆ ಚಂದಾದಾರರಿಗೆ ಬೇರೆ ಶುಲ್ಕವಿಲ್ಲದೆ ಸಿಗುವ ಪ್ರಸಾರದ ವೀಕ್ಷಕರ ಸಂಖ್ಯೆಯನ್ನು 100 ಡಾಲರ್ ಕೊಟ್ಟು ಕೊಂಡವರ ಸಂಖ್ಯೆಯ ಪಕ್ಕದಲ್ಲಿಟ್ಟು ಹೋಲಿಸಬಾರದು. ಹಾಗೆ ಹೋಲಿಸಿ ಬರೆದ ಲೇಖನಗಳು ಬಹಳಷ್ಟಿವೆ. ಅವುಗಳ ತೀರ್ಮಾನವನ್ನು ನಂಬುವಂತಿಲ್ಲ.

ಬಾಕ್ಸರನಿಗೆ ಬೇರೆ ಆಸರೆ ಏನಿದೆ?

ಮೇವೆದರ್‌ಗೆ ಸೋಲದ ದಾಖಲೆಯಿತ್ತು, ಅವನು ಸೋಲುವುದನ್ನು ನೋಡಲೆಂದೇ ಹಣ ಕೊಡುವ ಜನರಿದ್ದರು. ಕನೆಲೊನಿಗೆ ಇಡೀ ಮೆಕ್ಸಿಕೊ ಇದೆ. ರಿಗೊಂಡೊನಿಗೆ ಏನಿತ್ತು? 2000 ಮತ್ತು 2004ರ ಒಲಿಂಪಿಕ್ ಚಿನ್ನಗಳಿದ್ದವು, ಆದರೆ ಅವನು ಬಿಟ್ಟು ಬಂದ ಕ್ಯೂಬಾದಿಂದ ಅವನ ಹಿಂದೆ ಬರುವ ಪ್ರೇಕ್ಷಕ ಸಮೂಹವಿರಲಿಲ್ಲ, ಇಂಗ್ಲಿಷ್‌ನಲ್ಲಿ ಮಾತಾಡಿ ಜನರನ್ನು ಕೆಣಕುವ ಚಾಳಿಯಿರಲಿಲ್ಲ. ಡೊನೇರ್‌ನನ್ನು ಸೋಲಿಸಿದ ಆ ಅಪ್ರತಿಮ ರಾತ್ರಿಯ ನಂತರ ಅವನ ಪ್ರಮೋಟರ್ ಬಾಬ್ ಆರಮ್ ಅವರೇ ಅವನ ಶೈಲಿಯನ್ನು ಮಾರಲಾಗದೆಂದು ಬಹಿರಂಗವಾಗಿ ದೂರಿದರು, ಪಂದ್ಯಗಳನ್ನು ಪ್ರಸಾರ ಮಾಡುತ್ತಿದ್ದ ವಾಹಿನಿ ಎಚ್‌ಬಿಒ ಅವನಲ್ಲಿ ಆಸಕ್ತಿ ಕಳೆದುಕೊಂಡಿತು, ಮತ್ತು ಆ ತೂಕದ ಶ್ರೇಷ್ಠ ಬಾಕ್ಸರ್ ತನ್ನ ಅತ್ಯುತ್ತಮ ವರ್ಷಗಳನ್ನು ದೊಡ್ಡ ಪಂದ್ಯಗಳಿಲ್ಲದೆ ಕಳೆದ. ಇದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ, ಏಕೆಂದರೆ ಅವನು ಮಾಡಿದ ತಪ್ಪೆಂದರೆ ಹೊಡೆತ ತಿನ್ನದೆ ಗೆದ್ದದ್ದು.

ಇದರ ಇನ್ನೊಂದು ತುದಿಯಲ್ಲಿ ಆರ್ಟುರೊ ಗಟ್ಟಿ ಎಂಬ ಬಾಕ್ಸರ್ ಇದ್ದಾನೆ. 2002ರ ಮೇ 18ರಂದು ಮಿಕಿ ವಾರ್ಡ್ ಎದುರು ಗಟ್ಟಿ ಸೋತ. ಒಂಬತ್ತನೆಯ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಹೊಡೆತಕ್ಕೆ ಮೊಣಕಾಲೂರಿದ. ಆ ಪಂದ್ಯದಲ್ಲಿ ಯಾವ ವಿಶ್ವ ಪ್ರಶಸ್ತಿಯೂ ಪಣಕ್ಕಿರಲಿಲ್ಲ. ಆದರೂ ಆ ರೋಚಕ ಹೋರಾಟದ ಮೇಲೆ ಅಟ್ಲಾಂಟಿಕ್ ಸಿಟಿಯಲ್ಲಿ ಗಟ್ಟಿಯ ಪಂದ್ಯಗಳಿಗೆ ಜನ ಕಿಕ್ಕಿರಿದು ಬಂದರು, ಮತ್ತು 2005ರಲ್ಲಿ ಮೇವೆದರ್ ತನ್ನ ಮೊದಲ ಪೇ-ಪರ್-ವ್ಯೂ ಪಂದ್ಯವನ್ನು ಆಡಿದ್ದು ಅದೇ ಊರಿನಲ್ಲಿ, ಗಟ್ಟಿಯ ಅಭಿಮಾನಿಗಳ ಮುಂದೆ. ಕ್ಲಿಚ್ಕೊ ಕೂಡ ವೃತ್ತಿಜೀವನದುದ್ದಕ್ಕೂ ಗಳಿಸದ ಪ್ರೀತಿಯನ್ನು ತನ್ನ ಕೊನೆಯ ಸೋಲಿನಲ್ಲಿ ಗಳಿಸಿದ: 2017ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ 90,000 ಜನರೆದುರು ಆಂಥನಿ ಜೋಶುವಾನನ್ನು ಆರನೆಯ ಸುತ್ತಿನಲ್ಲಿ ಬೀಳಿಸಿ, ಹನ್ನೊಂದನೆಯದರಲ್ಲಿ ತಾನೇ ಸೋತಾಗ. ನಿಮ್ಮ ಟಿಪ್ಪಣಿಯಲ್ಲಿ ಗೆಲುವು-ಸೋಲಿನ ಪಕ್ಕದಲ್ಲಿ ಇನ್ನೊಂದು ಮನೆ ಇರಲಿ: ಈ ಪಂದ್ಯದ ಮುನ್ನ ಈ ಬಾಕ್ಸರನನ್ನು ನೋಡಲು ಜನರಿಗಿದ್ದ ಕಾರಣ ಯಾವುದು, ಪಂದ್ಯದ ನಂತರವೂ ಅದು ಉಳಿಯಿತೇ?

ನಮ್ಮ ದೇಶದ ಬಾಕ್ಸರುಗಳಿಗೆ ಈ ಅಳತೆಯನ್ನು ಹಾಗೆಯೇ ಹಚ್ಚಲಾಗುವುದಿಲ್ಲ. ವಿಜೇಂದರ್ ಸಿಂಗ್, ಮೇರಿ ಕೋಮ್, ಲವ್ಲೀನಾ ಬೊರ್ಗೊಹೈನ್ ಅವರ ಹೆಸರನ್ನು ಮನೆಮನೆಗೆ ತಲುಪಿಸಿದ್ದು ಒಲಿಂಪಿಕ್ ಪದಕ. ಆ ಪಂದ್ಯಗಳು ರೋಚಕವಾಗಿದ್ದವೇ ಎಂದು ಇಲ್ಲಿ ಯಾರೂ ಕೇಳಲಿಲ್ಲ.

ಆಟಕ್ಕೇ ಆಗುವ ನಷ್ಟವನ್ನು ಬೇರೆಯಾಗಿ ಬರೆಯಿರಿ

ತಾರೆಗೆ ಆಗುವ ನಷ್ಟ ಮತ್ತು ಆಟಕ್ಕೆ ಆಗುವ ನಷ್ಟ ಎರಡೂ ಒಂದೇ ಅಲ್ಲ. 2024ರ ನವೆಂಬರ್ 15ರಂದು ಟೆಕ್ಸಾಸ್‌ನಲ್ಲಿ 58ರ ಹರೆಯದ ಮೈಕ್ ಟೈಸನ್ ಮತ್ತು 27ರ ಯೂಟ್ಯೂಬ್ ತಾರೆ ಜೇಕ್ ಪಾಲ್ ನಡುವಿನ ಪಂದ್ಯವನ್ನು ಜಗತ್ತಿನಾದ್ಯಂತ 10.8 ಕೋಟಿ ಜನ ನೋಡಿದರೆಂದು ನೆಟ್‌ಫ್ಲಿಕ್ಸ್ ಹೇಳಿತು. ಎಂಟು ಸುತ್ತುಗಳಲ್ಲಿ ಟೈಸನ್ ತಾಗಿಸಿದ್ದು 18 ಪಂಚ್. ಕೊನೆಗೆ ಕ್ರೀಡಾಂಗಣ ಬೂ ಎಂದಿತು. ಪಾಲ್‌ನ ವ್ಯಾಪಾರಕ್ಕೆ ಅದರಿಂದ ಏನೂ ಆಗಲಿಲ್ಲ. ಆದರೆ ಮೊದಲ ಬಾರಿಗೆ ಬಾಕ್ಸಿಂಗ್ ನೋಡಲು ಕುಳಿತ ಕೋಟ್ಯಂತರ ಮಂದಿಗೆ ಈ ಆಟವೆಂದರೆ ಇದೇ ಎಂಬ ಭಾವನೆ ಉಳಿದಿದ್ದರೆ ಆಶ್ಚರ್ಯವಿಲ್ಲ. ಅದೇ ರಾತ್ರಿ, ಅದಕ್ಕೂ ಮುಂಚೆ, ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಹತ್ತು ಸುತ್ತು ರಕ್ತ ಸುರಿಸಿ ಹೋರಾಡಿದ್ದನ್ನು ಕಂಡವರು ಪುಣ್ಯವಂತರು. ನಮ್ಮ ನೀರಜ್ ಗೋಯತ್ ಕೂಡ ಅದೇ ರಿಂಗಿನಲ್ಲಿ ಬ್ರೆಜಿಲ್‌ನ ವಿಂಡರ್ಸನ್ ನೂನೆಸ್‌ನನ್ನು ಅಂಕಗಳಿಂದ ಸೋಲಿಸಿದ. ಮುಖ್ಯ ಪಂದ್ಯ ಸಪ್ಪೆಯಾದರೂ ಉಳಿದ ಪಂದ್ಯಗಳು ಆಟದ ಮಾನ ಕಾಪಾಡಿದವೇ ಎಂದು ನೋಡದೆ ಆ ರಾತ್ರಿಯ ಲೆಕ್ಕವನ್ನು ಮುಗಿಸಬೇಡಿ.

ಟೇಲರ್ ಮತ್ತು ಸೆರಾನೊ ಮೂರನೆಯ ಬಾರಿ, 2025ರ ಜುಲೈ 11ರಂದು ಎದುರಾದಾಗ ಟೇಲರ್ ಹಿಂದಿನಂತೆ ಹೊಡೆತಕ್ಕೆ ಹೊಡೆತ ಕೊಡುವುದನ್ನು ಬಿಟ್ಟು, ದೂರ ಕಾಯ್ದುಕೊಂಡು, ಬೇಕಾದಷ್ಟೇ ಹೊಡೆದು ಗೆದ್ದಳು. ಹಿಂದಿನ ಎರಡು ಪಂದ್ಯಗಳ ಬಿಸಿ ಅದರಲ್ಲಿರಲಿಲ್ಲ, ವೀಕ್ಷಕರ ಸಂಖ್ಯೆಯೂ ಬಹಳ ಕಡಿಮೆ. ಆ ಕಡಿಮೆ ಸಂಖ್ಯೆಯನ್ನು ಪಂದ್ಯದ ಮಂದಗತಿಗೆ ಜೋಡಿಸಲು ಮನಸ್ಸಾಗುತ್ತದೆ, ಆದರೆ ಜೋಡಿಸಬಾರದು: ಟೈಸನ್ ಇಲ್ಲದ ರಾತ್ರಿಯ ಎಣಿಕೆ ಅದು, ಮತ್ತು ನೋಡದೆ ಉಳಿದವರಿಗೆ ಪಂದ್ಯ ಹೇಗಿರುತ್ತದೆಂದು ಮೊದಲೇ ಗೊತ್ತಿರಲಿಲ್ಲ. ಅದರ ಪರಿಣಾಮ ತಿಳಿಯಬೇಕಾದರೆ ಇಬ್ಬರೂ ಬೇರೆ ಬೇರೆ ಎದುರಾಳಿಗಳ ಜೊತೆ ಮುಂದೆ ಆಡುವ ಪಂದ್ಯಗಳ ಟಿಕೆಟ್ ಮಾರಾಟವನ್ನೇ ನೋಡಬೇಕು. ಅಲ್ಲಿಯವರೆಗೆ ನಿಮ್ಮ ಟಿಪ್ಪಣಿಯ ಆ ಸಾಲನ್ನು ಖಾಲಿ ಬಿಡಿ.